ಪಕ್ಕದ ಸೀಟಿನವರು

ಅಜ್ಜಿ ಕಥೆಯ ರಾಜಕುಮಾರ ಏಳು ಸಮುದ್ರ ದಾಟಿ, ಏಳು ಬೆಟ್ಟ ಹತ್ತಿ, ಯಾರನ್ನೂ ದಾರಿ ಕೇಳದೆ ನೇರವಾಗಿ ಬಂದು ಬಾಗಿಲು ತಟ್ಟುತ್ತಾನೆ. ಈ ಕಥೆಯವನು ಹಾಗಲ್ಲ. ಅಂಗಡಿಯ ಬೋರ್ಡು ಕಣ್ಣೆದುರಿಗೇ ಆನೆ ನಿಂತ ಹಾಗೆ ನಿಂತಿದ್ದರೂ ಅದರ ಮುಂದೆಯೇ ಹಾದು ಹೋದ. ತಿರುಗಿ ಬಂದ. ಮತ್ತೆ ಹಾದು ಹೋದ.

ಮೆಟ್ಟಿಲ ಮೇಲೆ ಕೂತು ಟೀ ಆರಿಸಿಕೊಳ್ಳುತ್ತಿದ್ದ ಅಳಿಲು ಎಂಬ ಹುಡುಗಿ ಒಳಗೆ ಮುಖ ಮಾಡಿ ಕೂಗಿದಳು. "ಮಾವಾ, ಒಂದು ಬದನೆಕಾಯಿ ಬೀದಿ ಸುತ್ತುತ್ತಿದೆ!"

ಒಳಗಿಂದ ಮಾವ ಒಂದು ಸಲ ಕೆಮ್ಮಿದರು. ಮಾತಿನ ವಿಷಯದಲ್ಲಿ ಮಾವ ಬಹಳ ಕಂಜೂಸು. ಕೆಮ್ಮಿನಲ್ಲೇ ಅರ್ಧ ವ್ಯವಹಾರ ನಡೆಸುತ್ತಿದ್ದರು.

ಬದನೆಕಾಯಿ ಅಂದದ್ದರಲ್ಲಿ ತಪ್ಪೇನಿಲ್ಲ. ಎಳೆಯ ಬದನೆಕಾಯಿಯ ಅದೇ ನೇರಳೆ ಮಿಂಚು. ಉದ್ದ ಮೂತಿ, ಗುಂಡು ದೀಪ, ಮಡಚುವ ಚಾವಣಿ, ಒಳಗೆ ಎರಡೇ ಎರಡು ಸೀಟು. ಹಳೇ ಕಾಲದ ಸ್ಪೋರ್ಟ್ಸ್ ಕಾರು. ಎಂಜಿನ್ನಿನ ಸದ್ದು ಕೇಳಿದರೆ ಹೊಟ್ಟೆ ತುಂಬಿದ ಬೆಕ್ಕು ಗುರುಗುಟ್ಟಿದ ಹಾಗೆ. ಮೂರನೇ ಸಲ ಬಂದಾಗ ಅದು ಮೆಟ್ಟಿಲ ಮುಂದೆಯೇ ನಿಂತಿತು. ಕಿಟಕಿಯಿಂದ ಒಂದು ತಲೆ ಹೊರಬಂತು.

"ಸ್ವಲ್ಪ ಕೇಳ್ಬೋದಾ? ಹಳೇ ಕಾರಿಗೆ ಆಡಿಯೋ, ನ್ಯಾವಿಗೇಶನ್ ಎಲ್ಲಾ ಹಾಕಿಕೊಡೋ ಅಂಗಡಿ ಇಲ್ಲೇ ಎಲ್ಲೋ ಇದೆಯಂತೆ. ಎಲ್ಲಿ ಬರುತ್ತೆ?"

ಅಳಿಲು ನಿಧಾನವಾಗಿ ತಲೆ ಎತ್ತಿ ತನ್ನ ನೆತ್ತಿಯ ಮೇಲಿದ್ದ ಬೋರ್ಡನ್ನು ನೋಡಿದಳು. ಅವನೂ ನೋಡಿದ.

"ನ್ಯಾವಿಗೇಶನ್ ಬೇಕು ಅಂದಿದ್ದು ಸರಿಯಾಗೇ ಇದೆ ಬಿಡಿ. ಇವತ್ತೇ ಶುರು ಮಾಡೋಣ" ಅಂದಳು.

ಕೆಲವರಿಗೆ ನಗು ತುಟಿಯಿಂದ ಶುರುವಾಗುತ್ತದೆ. ಇವನಿಗೆ ಮೊದಲು ಕಿವಿ ಕೆಂಪಾಯಿತು, ಅಲ್ಲಿಂದ ಕೆನ್ನೆಗೆ ಇಳಿಯಿತು, ತುಟಿಗೆ ಬರುವ ಹೊತ್ತಿಗೆ ಅದು ನಗುವಾಗಿತ್ತು. ನಗುತ್ತಲೇ ಅವಳ ಕಣ್ಣುಗಳನ್ನು ನೋಡಿದ. ನೋಡಿದವನು ನೋಟ ತೆಗೆಯಲಿಲ್ಲ.

"ಏನ್ ಸಾರ್, ಮುಖದ ಮೇಲೆ ಗ್ರೀಸ್ ಇದೆಯಾ?"

"ಇದೆ. ಆದ್ರೆ ನಾನು ನೋಡಿದ್ದು ಅದನ್ನಲ್ಲ. ಕ್ಷಮಿಸಿ, ಕಸುಬಿನ ಚಾಳಿ. ಕನ್ನಡಕದ ಅಂಗಡಿ ನಂದು. ಯಾರು ಸಿಕ್ರೂ ಎರಡು ಕಣ್ಣಿನ ನಡುವೆ ಎಷ್ಟು ಅಂತರ ಅಂತ ಮನಸ್ಸು ಅಳೀತಾ ಇರುತ್ತೆ."

"ಎಷ್ಟಿದೆಯಂತೆ?"

"ಸರಿಯಾಗಿ ಹೇಳ್ಬೇಕು ಅಂದ್ರೆ ಇನ್ನೂ ಸ್ವಲ್ಪ ಹೊತ್ತು ನೋಡ್ಬೇಕಾಗುತ್ತೆ."

ಒಳಗಿಂದ ಎರಡು ಕೆಮ್ಮು ಬಂತು.

ಅಳಿಲು ಅನ್ನುವುದು ಮಾವ ಇಟ್ಟ ಹೆಸರು. ಎಂಥ ಇಕ್ಕಟ್ಟಾದ ಡ್ಯಾಶ್‌ಬೋರ್ಡಿನ ಕೆಳಗೂ ತೂರಿ, ವೈರು ಕಚ್ಚಿಕೊಂಡು ಆ ಕಡೆಯಿಂದ ಹೊರಬರುವ ತಂಗಿಯ ಮಗಳಿಗೆ ಇನ್ನೇನು ಹೆಸರಿಟ್ಟಾರು? ಅವಳ ನಿಜವಾದ ಹೆಸರು ಶಾಲೆಯ ಸರ್ಟಿಫಿಕೇಟಿನಲ್ಲಿ ಸುಖವಾಗಿ ನಿದ್ದೆ ಮಾಡುತ್ತಿತ್ತು. ಕಿವಿಯಂತೂ ಹಾವಿನ ಕಿವಿ. ಸ್ಪೀಕರಿನ ಒಂದು ಸ್ಕ್ರೂ ಸಡಿಲವಾಗಿದ್ದರೆ ಬೀದಿಯ ಆ ತುದಿಯಿಂದಲೇ ಹೇಳುತ್ತಿದ್ದಳು.

ಅವಳು ಬಾಗಿಲು ತೆಗೆದು ಒಳಗೆ ಬಗ್ಗಿದಳು. ಮರದ ಡ್ಯಾಶ್‌ಬೋರ್ಡು. ನಡುವೆ ಎರಡು ತಿರುಗಣೆ, ಒಂದು ಸಾಲು ಗುಂಡಿ ಇದ್ದ ಹಳೇ ರೇಡಿಯೋ. ಗುಂಡಿಗಳ ಮೇಲಿನ ಅಂಕಿಗಳು ಬೆರಳು ತಾಗಿ ತಾಗಿ ಅಳಿಸಿದ್ದವು. ಯಾರೋ ಇದನ್ನು ಬಹಳ ಪ್ರೀತಿಯಿಂದ ಒತ್ತಿದ್ದಾರೆ ಅನಿಸಿತು.

"ಒಂದೇ ಷರತ್ತು," ಅಂದ ಅವನು. "ಡ್ಯಾಶ್‌ಬೋರ್ಡ್ ಕೊಯ್ಯೋ ಹಾಗಿಲ್ಲ. ಹೊರಗಿಂದ ನೋಡೋರಿಗೆ ಈ ರೇಡಿಯೋ ಹೀಗೇ ಕಾಣ್ಬೇಕು."

"ಮುಖ ಹಳೇದೇ ಇರ್ಲಿ. ಹೊಟ್ಟೆ ಹೊಸದು ಮಾಡ್ತೀನಿ" ಅಂದು ಅಳಿಲು ರೇಡಿಯೋದ ಕೆನ್ನೆ ತಟ್ಟಿದಳು. ಅವನು ತನ್ನ ಕೆನ್ನೆ ಮುಟ್ಟಿಕೊಂಡ. ಯಾಕೆ ಅಂತ ಅವನಿಗೂ ಗೊತ್ತಿದ್ದ ಹಾಗಿರಲಿಲ್ಲ.

*

ಕೆಲಸ ಶುರುವಾಯಿತು. ರೇಡಿಯೋವನ್ನು ಬಿಚ್ಚಿ, ಅದರ ಹಳೇ ಕರುಳನ್ನೆಲ್ಲ ತೆಗೆದು, ಫೋನಿನ ಹಾಡು ಹಿಡಿಯುವ ಪುಟ್ಟ ಹೊಸ ಯಂತ್ರವನ್ನು ಅದೇ ಗೂಡಿನೊಳಗೆ ಕೂರಿಸಿದಳು. ಅದೇ ತಿರುಗಣೆಯಲ್ಲೇ ಸದ್ದು ಏರುವಂತೆ ಮಾಡಿದಳು. ಆಂಪ್ಲಿಫೈಯರು ಸೀಟಿನ ಕೆಳಗೆ ಅಡಗಿತು. ಸ್ಪೀಕರುಗಳು ಕಾಲಿಡುವ ಜಾಗದ ಪಕ್ಕದ ಗೋಡೆಯಲ್ಲಿ. ಫೋನಿನ ಮಾತಿಗೆ ಸ್ಟೀರಿಂಗಿನ ಹತ್ತಿರ ಒಂದು ಸಣ್ಣ ಮೈಕು. ನ್ಯಾವಿಗೇಶನ್ನಿನ ಪರದೆಗೆ ಜಾಗ ಸಿಗದೆ ತಲೆ ಕೆರೆದುಕೊಂಡಳು. ಕೊನೆಗೆ ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಜಾರುವ ತಟ್ಟೆ ಮಾಡಿದಳು. ಬೆರಳು ತಾಗಿಸಿದರೆ ಪರದೆ ನಾಲಿಗೆ ಚಾಚಿದ ಹಾಗೆ ಹೊರಬಂದು ತಲೆ ಎತ್ತಬೇಕು, ಬೇಡ ಅಂದರೆ ಒಳಗೆ ಹೋಗಿ ಬಾಯಿ ಮುಚ್ಚಬೇಕು.

ಅವನು ದಿನಾ ಮಧ್ಯಾಹ್ನ ತನ್ನ ಅಂಗಡಿಗೆ ಬೀಗ ಹಾಕಿ ಇಲ್ಲಿಗೆ ಬರುತ್ತಿದ್ದ. ಕೆಲಸ ಎಲ್ಲಿಗೆ ಬಂತು ಅಂತ ನೋಡುವುದಕ್ಕಂತೆ. ನೋಡುವುದಕ್ಕೆ ಕಾಣುತ್ತಿದ್ದದ್ದು ಕಾರಿನ ಬಾಗಿಲಿಂದ ಹೊರಚಾಚಿದ ಎರಡು ಪಾದ ಮಾತ್ರ. ಹಾಗಾಗಿ ಅವನು ಪಾದಗಳ ಜೊತೆಯಲ್ಲೇ ಮಾತಾಡುತ್ತಿದ್ದ.

"ಊಟ ಆಯ್ತಾ?"

ಎಡಗಾಲಿನ ಹೆಬ್ಬೆರಳು ಇಲ್ಲ ಅಂತ ಅಲ್ಲಾಡುತ್ತಿತ್ತು.

"ಟಾರ್ಚ್ ಹಿಡ್ಕೊಳ್ಲಾ?"

ಎರಡೂ ಪಾದ ಖುಷಿಯಿಂದ ಕುಣಿಯುತ್ತಿದ್ದವು. ಅವನು ನೆಲಕ್ಕೆ ಮಂಡಿಯೂರಿ ಟಾರ್ಚು ಹಿಡಿಯುತ್ತಿದ್ದ. ಬೆಳಕು ವೈರಿನ ಮೇಲೆ ಬೀಳಬೇಕು, ನಿಧಾನವಾಗಿ ಜಾರಿ ಅವಳ ಮೂಗಿನ ಮೇಲೆ ಬೀಳುತ್ತಿತ್ತು.

"ರೀ ಕನ್ನಡಕದವ್ರೇ, ಕೆಂಪು ವೈರು ಇರೋದು ಆ ಕಡೆ."

"ನನಗೆ ಇಲ್ಲೇ ಕೆಂಪು ಕಾಣ್ತಿದೆ."

ಆ ಮಾತಿಗೆ ಮೂಗಿನ ಜೊತೆ ಕೆನ್ನೆಯೂ ಕೆಂಪಾಗುತ್ತಿತ್ತು. ಒಳ್ಳೇದಾಯಿತು, ಡ್ಯಾಶ್‌ಬೋರ್ಡಿನ ಕೆಳಗೆ ಕತ್ತಲು.

ಎಲ್ಲ ವೈರೂ ಕೂತ ಮೇಲೆ ಅಳಿಲಿಗೆ ಇಷ್ಟವಾದ ಕೆಲಸ ಬಂತು. ಟ್ಯೂನಿಂಗ್. ಅದನ್ನು ಅವನಿಗೆ ವಿವರಿಸುವಾಗ ಅವಳ ದನಿಯೇ ಬದಲಾಯಿತು, ಅಜ್ಜಿ ದೀಪದ ಪಕ್ಕ ಕೂತು ಕಥೆಗೆ ಇಳಿದಾಗ ಬದಲಾಗುತ್ತಿತ್ತಲ್ಲ, ಹಾಗೆ.

"ನೋಡಿ, ಕಾರಲ್ಲಿ ಯಾರೂ ನಡುಮಧ್ಯ ಕೂರಲ್ಲ. ಒಂದು ಸ್ಪೀಕರು ಹತ್ತಿರ, ಒಂದು ದೂರ. ಹತ್ತಿರದ ಸದ್ದು ಓಡಿಬಂದು ಮೊದಲು ಕಿವಿಗೆ ಬೀಳುತ್ತೆ, ದೂರದ್ದು ಪಾಪ, ಏದುಸಿರು ಬಿಡ್ತಾ ಆಮೇಲೆ. ಹಾಡು ಒಂದು ಕಡೆಗೆ ವಾಲಿಬಿಡುತ್ತೆ. ಅದಕ್ಕೆ ನಾನು ಹತ್ತಿರದ್ದಕ್ಕೆ ಹೇಳ್ತೀನಿ, ಸ್ವಲ್ಪ ತಾಳು, ಅವನೂ ಬರಲಿ ಅಂತ. ಕಣ್ಣು ಮಿಟುಕಿಸೋದಕ್ಕಿಂತ ಕಡಿಮೆ ಹೊತ್ತು. ಆಗ ಎರಡೂ ಒಟ್ಟಿಗೆ ಬರ್ತವೆ. ಹಾಡೋರು ಎದುರಿಗೇ ನಿಂತ ಹಾಗಾಗುತ್ತೆ."

"ಹತ್ತಿರ ಇರೋದು ಕಾಯ್ಬೇಕು," ಅಂದ ಅವನು ಮೆಲ್ಲಗೆ.

"ಕಾಯ್ಲೇಬೇಕು." ಅವಳು ಅವನ ಕಡೆ ನೋಡದೆ ಹೇಳಿದಳು. "ಆದ್ರೆ ಒಂದು ತೊಂದರೆ. ಒಂದು ಸೀಟಿಗೆ ಪೂರ್ತಿ ಸರಿಮಾಡಿದ್ರೆ ಇನ್ನೊಂದಕ್ಕೆ ಸೊಟ್ಟ ಆಗುತ್ತೆ. ಈಗ ಹೇಳಿ, ಯಾರಿಗೆ ಮಾಡ್ಲಿ? ಓಡಿಸೋರಿಗಾ?"

ಅವನು ಯೋಚಿಸಲೂ ಇಲ್ಲ. "ಪಕ್ಕದ ಸೀಟಿಗೆ. ಪೂರ್ತಿ ಪಕ್ಕದ ಸೀಟಿಗೇ ಕೊಡಿ. ನನಗೆ ಸೊಟ್ಟ ಇದ್ರೂ ಪರವಾಗಿಲ್ಲ."

ಅಳಿಲಿನ ಕೈಯಲ್ಲಿದ್ದ ಸ್ಕ್ರೂಡ್ರೈವರು ಅಲ್ಲೇ ನಿಂತಿತು.

"ಪಕ್ಕದ ಸೀಟಿಗೆ... ಮೇಡಮ್ಮಾ?"

"ಹೌದು, ಮೇಡಮ್ಮೇ." ಕಿವಿ ಕೆಂಪಾಯಿತು. "ಜಾಸ್ತಿ ಕೇಳ್ಬೇಡಿ. ಅವರ ವಿಷಯ ಇಲ್ಲಿ ಏನೂ ಬಾಯಿ ಬಿಡಬಾರದು ಅಂತ ಆಣೆ ಹಾಕಿಸ್ಕೊಂಡಿದಾರೆ. ಹಳೇ ಯುಗಳಗೀತೆ ಅಂದ್ರೆ ಪ್ರಾಣ ಅವರಿಗೆ. ಅಷ್ಟು ಗೊತ್ತಿದ್ರೆ ಸಾಕಲ್ವಾ?"

"ಸಾಕಾಗಲ್ಲ." ಅಳಿಲಿನ ದನಿ ಈಗ ಬರೀ ಕಸುಬಿನವಳ ದನಿ. "ಮೈಕು ಇಟ್ಟು ಅಳೀಬೇಕು. ಕೂತಾಗ ಕಿವಿ ಎಲ್ಲಿಗೆ ಬರುತ್ತೆ? ಎತ್ತರ ಎಷ್ಟು?"

ಅವನು ಅವಳನ್ನು ತಲೆಯಿಂದ ಭುಜದವರೆಗೆ ನೋಡಿದ. ತುಂಬ ಹೊತ್ತು, ತುಂಬ ಮೆತ್ತಗೆ. "ನಿಮ್ಮಷ್ಟೇ. ನೀವು ಅಲ್ಲಿ ಕೂತ್ರೆ ಸರಿಯಾಗುತ್ತೆ."

*

ಅವನು ಹೋದ ಮೇಲೆ ಅಳಿಲು ಹಳೇ ವೈರುಗಳನ್ನೆಲ್ಲ ಬೇಕಿಲ್ಲದಿದ್ದರೂ ತುಂಡು ತುಂಡು ಮಾಡಿದಳು.

"ಏನಾಯ್ತು?" ಅಂದರು ಮಾವ.

"ಏನಿಲ್ಲ."

"ಏನಿಲ್ದೇನೇ ಆ ಕಟಿಂಗ್ ಪ್ಲೇಯರ್ ಕುತ್ತಿಗೆ ಹಿಸುಕ್ತಿದೀಯಾ?"

"ಮಾವಾ, ಒಬ್ಬ ಮನುಷ್ಯನಿಗೆ ಪಕ್ಕದ ಸೀಟಲ್ಲಿ ಕೂರೋಕೆ ಒಬ್ಬಳು ಇದ್ದ ಮೇಲೆ, ಇಲ್ಲಿಗೆ ಬಂದು ಟಾರ್ಚ್ ಯಾಕೆ ಹಿಡೀಬೇಕು? ಮೂಗಿನ ಮೇಲೆ ಬೆಳಕು ಯಾಕೆ ಬಿಡ್ಬೇಕು?"

ಮಾವ ಕೆಮ್ಮಲಿಲ್ಲ. ಅದು ದೊಡ್ಡ ವಿಷಯ. "ಅವಳ ಸೀಟು ಕೆಡಿಸೋಣ ಅನಿಸ್ತಿದೆಯಾ?" ಅಂತ ಕೇಳಿದರು.

"ಅನಿಸ್ತಿದೆ."

"ಕೆಡಿಸು ನೋಡೋಣ."

ಅಳಿಲು ಪಕ್ಕದ ಸೀಟಿನಲ್ಲಿ ಕೂತಳು. ಕಿವಿಯ ಹತ್ತಿರ ಮೈಕು ಸಿಕ್ಕಿಸಿಕೊಂಡಳು. ಪರದೆಯಲ್ಲಿ ಟ್ಯೂನಿಂಗಿನ ಪುಟ ತೆಗೆದು, ಬೇಕಂತಲೇ ಒಂದು ಗೆರೆಯನ್ನು ಮೇಲಕ್ಕೆ ತಳ್ಳಿದಳು. ಹಾಡುವ ಹೆಂಗಸಿಗೆ ನೆಗಡಿ ಬಂದ ಹಾಗಾಯಿತು. ಕೇಳಲಿಕ್ಕಾಗದೆ ಕೆಳಗಿಳಿಸಿದಳು. ಇನ್ನೊಂದನ್ನು ಕೆಡಿಸಿದಳು. ಅದನ್ನೂ ಸರಿಮಾಡಿದಳು. ಹಾಳು ಕೈ, ಹಾಳು ಕಿವಿ. ಎರಡಕ್ಕೂ ಹೊಟ್ಟೆಕಿಚ್ಚು ಅಂದರೇನು ಅಂತಲೇ ಗೊತ್ತಿಲ್ಲ. ಹಾಗೆ ಕೆಡಿಸುತ್ತ, ಸರಿಮಾಡುತ್ತ, ಒಮ್ಮೆ ಮೂಗು ಒರೆಸಿಕೊಳ್ಳುತ್ತ, ಸಂಜೆಯ ಹೊತ್ತಿಗೆ ಅವಳು ತನ್ನ ಜೀವಮಾನದ ಅತ್ಯುತ್ತಮ ಟ್ಯೂನಿಂಗ್ ಮಾಡಿ ಮುಗಿಸಿದ್ದಳು. ಕಣ್ಣು ಮುಚ್ಚಿದರೆ ಯುಗಳಗೀತೆಯ ಗಂಡೂ ಹೆಣ್ಣೂ ಬಾನೆಟ್ಟಿನ ಮೇಲೆ ಕಾಲು ಇಳಿಬಿಟ್ಟು ಕೂತು ಒಬ್ಬರನ್ನೊಬ್ಬರು ನೋಡುತ್ತ ಹಾಡುತ್ತಿದ್ದರು.

'ಇದಕ್ಕೆ ಹೆಸರು ಕೊಡಿ' ಅಂತ ಪರದೆ ಕೇಳಿತು. ಪ್ರತಿ ಟ್ಯೂನಿಂಗಿಗೂ ಒಂದು ಹೆಸರಿಟ್ಟು ಉಳಿಸುವುದು ರೂಢಿ. ಬೇರೆ ಯಾರಾದರೂ 'ಪಕ್ಕದ ಸೀಟು' ಅಂತ ಬರೆದು ಮುಗಿಸುತ್ತಿದ್ದರು. ಅಳಿಲು ಅಜ್ಜಿ ಕಥೆ ತಿಂದು ಬೆಳೆದವಳು. ಆ ಕಥೆಗಳಲ್ಲಿ ಹೊಸ ರಾಣಿ ಅರಮನೆಗೆ ಕಾಲಿಟ್ಟಳೋ, ಮೊದಲಿನವಳು ತೋಟದಲ್ಲಿ ಹೂವಿನ ಗಿಡವಾಗಿ ನಿಲ್ಲಬೇಕು. ನಾನು ಯಾವ ಗಿಡವೂ ಆಗುವುದಿಲ್ಲ ಅಂದುಕೊಂಡು, ಒಂದೊಂದು ಅಕ್ಷರವನ್ನೂ ಕುಟ್ಟಿ ಕುಟ್ಟಿ ಬರೆದಳು.

'ಸವತಿ.'

ಬರೆದ ಮೇಲೆ ಮನಸ್ಸು ಹಗುರಾಯಿತು. ಕಾರು ಕೊಡುವ ಮೊದಲು ಅಳಿಸಿದರಾಯಿತು ಅಂದುಕೊಂಡಳು. ಹೋಗಿ ಮಲಗಿದಳು.

*

ಬೆಳಿಗ್ಗೆ ಎದ್ದು ಕೆಲಸಕ್ಕೆ ತೊಡುವ ಓವರಾಲಿಗೆ ಇಸ್ತ್ರಿ ಹಾಕಿದಳು. ಓವರಾಲಿಗೆ ಇಸ್ತ್ರಿ ಹಾಕಿದ್ದನ್ನು ಆ ಅಂಗಡಿ ಅದುವರೆಗೆ ಕಂಡಿರಲಿಲ್ಲ. ಸವತಿ ಬರುವ ದಿನ ಮುದುರಿದ ಬಟ್ಟೆಯಲ್ಲಿ ನಿಲ್ಲಲಾದೀತೆ? ಜಡೆ ಬಿಗಿಯಾಗಿ ಹೆಣೆದಳು. ಕಾರನ್ನು ಒರೆಸಿ ಒರೆಸಿ, ಬದನೆಕಾಯಿಯಲ್ಲಿ ಮುಖ ಕಾಣುವಂತೆ ಮಾಡಿದಳು. ಮುಖವೇನೋ ಕಂಡಿತು, ಅದರ ತುಂಬ ದುಃಖ ಇತ್ತು. ಇವತ್ತು ಕಾರು ಹೋಗುತ್ತದೆ. ಕಾರು ಹೋದ ಮೇಲೆ ಅವನು ಬರುವುದಕ್ಕೆ ಏನು ಕಾರಣ ಉಳಿದೀತು?

ಟ್ಯಾಕ್ಸಿ ನಿಂತಿತು. ಮೊದಲು ಅವನು ಇಳಿದ. ಆ ಕಡೆಯ ಬಾಗಿಲಿಗೆ ಓಡಿದ. ಅಳಿಲು ಉಸಿರು ಬಿಗಿಹಿಡಿದಳು.

ಬಾಗಿಲಿಂದ ಒಂದು ಊರುಗೋಲು ಹೊರಬಂತು. ಆಮೇಲೆ ಒಂದು ಬಿಳಿ ಶೂ. ಆಮೇಲೆ ಬೆಳ್ಳಿಯಂಥ ಗಿಡ್ಡ ಕೂದಲು, ಕೆಂಪು ಫ್ರೇಮಿನ ಕನ್ನಡಕ, ಅದರ ಹಿಂದೆ ಎರಡು ಚೂಪು ಕಣ್ಣು.

"ನಮ್ಮ ದೊಡ್ಡಮ್ಮ," ಅಂದ ಅವನು. "ಅಮ್ಮನ ಅಕ್ಕ. ಕಾರು ಇವರದ್ದೇ. ಮಂಡಿ ಆಪರೇಷನ್ ಆದ ಮೇಲೆ ಕ್ಲಚ್ಚು ತುಳಿಯೋ ಹಾಗಿಲ್ಲ ಅಂದ್ರು ಡಾಕ್ಟ್ರು. ಅದಕ್ಕೇ ಈಗ ಪಕ್ಕದ ಸೀಟು."

"ಹೇಳ್ಬೇಡ ಅಂದವಳು ನಾನೇ," ಅಂದರು ದೊಡ್ಡಮ್ಮ. "ವಯಸ್ಸಾದವಳ ಗಾಡಿ ಅಂತ ಗೊತ್ತಾದ್ರೆ ನೀವು ಅಂಗಡಿಯವರು ಸುದ್ದಿ ಕೇಳೋ ಒಂದು ಡಬ್ಬ ಕೂರಿಸಿ ಕಳಿಸಿಬಿಡ್ತೀರಿ. ನೀನೇನಾ ಆ ಅಳಿಲು? ಇವನು ಮನೇಲಿ ಊಟಕ್ಕೆ ಕೂತಾಗಿಂದ ಏಳೋವರೆಗೆ ಅದೇ ಜಪ ಮಾಡ್ತಾನೆ. ಅಳಿಲು ಹಾಗಂದ್ರು, ಅಳಿಲು ಹೀಗಂದ್ರು."

"ದೊಡ್ಡಮ್ಮಾ!"

ಅಳಿಲಿನ ಎದೆಯಲ್ಲಿ ಯಾರೋ ಸುಟ್ಟ ಫ್ಯೂಸು ಬದಲಿಸಿದ ಹಾಗೆ ಎಲ್ಲ ದೀಪವೂ ಒಟ್ಟಿಗೆ ಹತ್ತಿಕೊಂಡವು. ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು. ಅಯ್ಯೋ, ಸವತಿ! ಇಸ್ತ್ರಿಯ ಗಡಿಬಿಡಿಯಲ್ಲಿ ಅಳಿಸುವುದೇ ಮರೆತಿತ್ತು.

ದೊಡ್ಡಮ್ಮ ಆಗಲೇ ಸೀಟಿನಲ್ಲಿ ಕೂತಾಗಿತ್ತು. ಬೆರಳು ತಾಗಿಸಿದರು, ಪರದೆ ನಾಲಿಗೆ ಚಾಚಿ ತಲೆ ಎತ್ತಿತು. ಭೂಪಟ ಮಾತ್ರ ಕಾಣಿಸಿತು. ಅಬ್ಬ! ಟ್ಯೂನಿಂಗಿನ ಪುಟ ತೆಗೆಯದಿದ್ದರೆ ಆ ಹೆಸರು ಯಾರಿಗೂ ಕಾಣುವುದಿಲ್ಲ. ಅಳಿಲು ಉಸಿರು ಬಿಟ್ಟು, ಯುಗಳಗೀತೆ ಹಾಕಿದಳು.

ದೊಡ್ಡಮ್ಮನ ಮುಖ ಅರಳಲಿಲ್ಲ. ಅವರು ಒಂದು ಗಳಿಗೆ ಕೇಳಿದರು, ಸದ್ದು ಏರಿಸಿದರು, ಮತ್ತೆ ಕೇಳಿದರು.

"ಹೆಂಗಸು ಹಾಡ್ತಿದಾಳೆ. ಗಂಡಸು ಎಲ್ಲಿ ಹೋದ?"

"ಇದಾನಲ್ಲ ದೊಡ್ಡಮ್ಮ, ಚೆನ್ನಾಗೇ ಹಾಡ್ತಿದಾನೆ," ಅಂದ ಅವನು, ಕಿಟಕಿಗೆ ಒರಗಿ.

"ಎಲ್ಲೋ ಬಾವಿಯೊಳಗಿಂದ ಹಾಡ್ತಿದಾನೆ." ಅವರು ಹಾಡು ನಿಲ್ಲಿಸಿದರು. ದನಿ ಸಣ್ಣದಾಯಿತು. "ಸಾಕು ಬಿಡು ಮಗಾ. ಈ ಸೀಟು ನನಗೆ ಒಗ್ಗಲ್ಲ. ಈ ಗಾಡೀಲಿ ನಾನು ರಾಣಿ ಹಾಗೆ ತಿರುಗಿದೋಳು. ಇಲ್ಲಿ ಕೂತ್ರೆ ಮೂಟೆ ಹಾಗಿರ್ತೀನಿ. ನೀನು ಮಾತಾಡಿದ್ದೂ ತಿಳಿಯಲ್ಲ, ಹಾಡೂ ತಿಳಿಯಲ್ಲ. ಕೊಟ್ಟುಬಿಡು ಯಾರಿಗಾದ್ರೂ."

ಅವನ ಮುಖ ಬಾಡಿತು. ಅಳಿಲು ಮಾತ್ರ ದೊಡ್ಡಮ್ಮನ ಕುತ್ತಿಗೆಯನ್ನೇ ನೋಡುತ್ತಿದ್ದಳು. ಹಾಡು ಕೇಳುವಾಗ ಅವರು ಮುಖವನ್ನು ಪೂರಾ ಡ್ರೈವರ್ ಸೀಟಿನ ಕಡೆ ತಿರುಗಿಸಿ, ಬಾಗಿಲ ಕಡೆಯ ಕಿವಿಯನ್ನು ಮುಂದಕ್ಕೆ ತಂದಿದ್ದರು. ಆ ಹಾಡಿನಲ್ಲಿ ಗಂಡಸಿನ ದನಿ ಬರುವುದು ಡ್ರೈವರ್ ಕಡೆಯ ಸ್ಪೀಕರಿನಿಂದ. ಅವಳು ಸುತ್ತು ಹಾಕಿ ಡ್ರೈವರ್ ಸೀಟಿನ ಕಡೆ ಹೋಗಿ, ಅವರು ನೋಡದ ಹಾಗೆ ಮೆಲ್ಲಗೆ "ದೊಡ್ಡಮ್ಮಾ" ಅಂದಳು. ಅವರು ಓಗೊಡಲಿಲ್ಲ. ವಾಪಸು ಬಾಗಿಲ ಹತ್ತಿರ ಬಂದು ಅಷ್ಟೇ ಮೆಲ್ಲಗೆ ಅಂದಳು. "ಏನಮ್ಮಾ?" ಅಂದರು.

ಅಳಿಲು ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಅವರಿಗೆ ಮಾತ್ರ ಕೇಳುವಂತೆ ಪಿಸುಗುಟ್ಟಿದಳು. "ಸ್ಟೀರಿಂಗ್ ಹಿಂದೆ ಕೂತಿದ್ದಾಗ ಈ ಒಳ್ಳೆ ಕಿವಿ ಪಕ್ಕದವರ ಕಡೆ ಇತ್ತು. ಈಗ ಬಾಗಿಲ ಕಡೆ ಬಂದಿದೆ. ಅಲ್ವಾ?"

ದೊಡ್ಡಮ್ಮ ಅವಳ ಮಣಿಕಟ್ಟು ಹಿಡಿದರು. ಹಿಡಿತ ಗಟ್ಟಿಯಾಗಿತ್ತು, ಕಣ್ಣು ಒದ್ದೆಯಾಗಿತ್ತು. "ಅವನಿಗೆ ಹೇಳ್ಬೇಡ. ಮಂಡಿ ಹೋಯ್ತು ಅಂತಲೇ ಮನೆಯವರೆಲ್ಲ ನನ್ನನ್ನ ಗಾಜಿನ ಲೋಟ ಮಾಡಿಟ್ಟಿದಾರೆ. ಕಿವೀನೂ ಅಂತ ಗೊತ್ತಾದ್ರೆ ಹತ್ತೀಲಿ ಸುತ್ತಿ ಕಪಾಟಲ್ಲಿ ಇಟ್ಟುಬಿಡ್ತಾರೆ."

"ಹೇಳಲ್ಲ. ಗಂಡಸನ್ನ ಬಾವಿಯಿಂದ ಎತ್ತಿ ಈ ಕಿವಿ ಹತ್ರ ತರ್ತೀನಿ. ಒಂದೇ ನಿಮಿಷ."

ಹೇಳುವುದೇನೋ ಹೇಳಿಬಿಟ್ಟಳು. ಆಮೇಲೆ ಹೊಳೆಯಿತು, ಅದಕ್ಕೆ ಟ್ಯೂನಿಂಗಿನ ಪುಟ ತೆಗೆಯಬೇಕು. ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರುತ್ತದೆ. ಪರದೆಗೆ ಒಂದು ಮೊಳ ದೂರದಲ್ಲಿ ಅವನ ಮೂಗಿದೆ.

"ನೀವು ಒಳಗೆ ಹೋಗಿ ಮಾವನಿಗೆ ಟೀ ಹೇಳ್ತೀರಾ?"

"ಮಾವ ಅಲ್ಲೇ ಬಾಗಿಲಲ್ಲಿ ಟೀ ಕುಡೀತಾ ನಿಂತಿದಾರಲ್ಲ."

"ಹಾಗಾದ್ರೆ ಆ ಕಡೆ ತಿರುಗಿ."

"ಯಾಕ್ರೀ? ನಾನೂ ಕಲೀಬೇಕು. ನಾಳೆಯಿಂದ ಇದನ್ನ ನೋಡ್ಕೊಳ್ಳೋನು ನಾನೇ ತಾನೇ?"

ನಾಳೆ ಬನ್ನಿ, ಸರಿಮಾಡಿ ಇಟ್ಟಿರ್ತೀನಿ ಅಂತ ಹೇಳಬಹುದಿತ್ತು. ಮಾತು ನಾಲಿಗೆ ತುದಿಗೂ ಬಂತು. ಅಷ್ಟರಲ್ಲಿ ದೊಡ್ಡಮ್ಮ ಊರುಗೋಲು ಹುಡುಕುತ್ತ ಒಂದು ಕಾಲು ಹೊರಗಿಟ್ಟರು. ಈಗ ಇಳಿದರೆ ಈ ಸೀಟಿಗೆ ಅವರು ಇನ್ನು ಹತ್ತುವುದಿಲ್ಲ. ಅದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು. ಹೋದರೆ ನನ್ನ ಮಾನ ತಾನೇ ಹೋಗಲಿ ಅಂದುಕೊಂಡು, ಕಣ್ಣು ಮುಚ್ಚಿ ಬೆರಳಿಟ್ಟಳು.

ಪುಟ ತೆರೆಯಿತು.

ಕನ್ನಡಕದವನ ದೊಡ್ಡಮ್ಮನಿಗೆ ಕಣ್ಣು ಮಂದ ಇದ್ದೀತೇ? ಅವರೇ ಮೊದಲು ಓದಿದರು, ಬೀದಿಗೆಲ್ಲ ಕೇಳುವಂತೆ.

"ಸ-ವ-ತಿ." ಒಂದು ಗಳಿಗೆ ಬಿಟ್ಟು, "ಯಾರು? ನಾನಾ?"

ಅಳಿಲಿಗೆ ಡ್ಯಾಶ್‌ಬೋರ್ಡಿನ ಕೆಳಗೆ ತೂರಿಬಿಡೋಣ ಅನಿಸಿತು. ಅಲ್ಲಿ ದೊಡ್ಡಮ್ಮನ ಕಾಲಿತ್ತು.

ದೊಡ್ಡಮ್ಮನ ಭುಜ ಕುಲುಕತೊಡಗಿತು. "ಮದುವೇನೇ ಆಗದೆ ಸವತಿ ಆದೆನಲ್ಲೋ! ಈ ವಯಸ್ಸಿಗೆ ಇಂಥ ಪ್ರಮೋಷನ್ನು!" ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ಬಾಗಿಲಲ್ಲಿ ಮಾವನಿಗೆ ಟೀ ನೆತ್ತಿಗೇರಿ, ಅವತ್ತು ಮೊದಲ ಬಾರಿಗೆ ನಿಜವಾದ ಕೆಮ್ಮು ಬಂತು.

ಅವನು ಮಾತ್ರ ನಗಲಿಲ್ಲ. ಪರದೆಯನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಪರದೆಯನ್ನು. ಕಿವಿ ಎಷ್ಟು ಕೆಂಪಾಗಿತ್ತೆಂದರೆ ಸಿಗ್ನಲ್ಲಿನಲ್ಲಿ ನಿಲ್ಲಿಸಿದರೆ ಗಾಡಿಗಳು ನಿಂತುಬಿಡುತ್ತಿದ್ದವು.

ಅಳಿಲು ಯಾರ ಮುಖವನ್ನೂ ನೋಡದೆ ಕೆಲಸ ಮಾಡಿದಳು. ಎರಡು ಕಡೆಯ ದನಿಯನ್ನೂ ಒಂದುಗೂಡಿಸಿ, ಬಾಗಿಲ ಕಡೆಯ ಸ್ಪೀಕರಿಗೆ ತಂದಳು. ದಾರಿ ಹೇಳುವ ದನಿಯನ್ನೂ ಅಲ್ಲಿಗೇ ಕರೆತಂದಳು. ಚಾಲಕನ ಮಾತು ಹಿಡಿಯ‍ಲಿಕ್ಕೆ ಫೋನಿನ ಮೈಕು ಇತ್ತಲ್ಲ, ಅದರಿಂದ ಅವನ ಮಾತೂ ಹಾಡಿನ ಜೊತೆ ಅದೇ ಕಿವಿಗೆ ಬೀಳುವಂತೆ ಮಾಡಿದಳು. 'ಸವತಿ' ಅಳಿಸಿ 'ದೊಡ್ಡಮ್ಮ' ಅಂತ ಬರೆದಳು. ಹಾಡು ಹಾಕಿದಳು.

ಹೆಂಗಸು ಒಂದು ಸಾಲು ಹಾಡಿದಳು. ಆಮೇಲೆ ಗಂಡಸು.

"ಬಂದ!" ಅಂದರು ದೊಡ್ಡಮ್ಮ. ಆಗಲೇ ಅವರ ಬೆರಳು ಮಂಡಿಯ ಮೇಲೆ ತಾಳ ಹಾಕುತ್ತಿತ್ತು. ಹೊರಗಿಟ್ಟಿದ್ದ ಕಾಲು ಒಳಗೆ ಹೋಯಿತು. ಬಾಗಿಲನ್ನು ತಾವೇ ಎಳೆದು ಹಾಕಿಕೊಂಡರು.

ಅವನು ಡ್ರೈವರ್ ಸೀಟಿನ ಕಡೆ ಹೆಜ್ಜೆ ಇಟ್ಟ. ಕಿಟಕಿಯಿಂದ ಊರುಗೋಲು ಚಾಚಿಕೊಂಡಿತು.

"ನೀನಲ್ಲ. ನಿನಗಿಲ್ಲಿ ಕೆಲಸ ಇದೆ. ಏನ್ರೀ, ಕೆಮ್ಮೋ ಯಜಮಾನ್ರೇ! ಕ್ಲಚ್ಚು ತುಳಿಯೋಕೆ ಬರುತ್ತಾ?"

ಮಾವ ಟೀ ಲೋಟ ಕೆಳಗಿಟ್ಟರು. ಕೈಯನ್ನು ಎರಡು ಸಲ ಒರೆಸಿಕೊಂಡರು, ತಲೆ ಬಾಚಿಕೊಂಡರು. ಎರಡು ಸೀಟಿನ ಗಾಡಿ ಇಬ್ಬರನ್ನು ಹತ್ತಿಸಿಕೊಂಡು ಹೊರಟೇ ಹೋಯಿತು.

*

ಫುಟ್‌ಪಾತಿನ ಮೇಲೆ ಯಾವುದೋ ವ್ಯಾನಿನಿಂದ ಬಿಚ್ಚಿಟ್ಟ ಒಂದು ಸೀಟಿತ್ತು. ಇಬ್ಬರೂ ಅದರ ಮೇಲೆ ಕೂತರು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ದಾರಿಹೋಕರು ಇದ್ಯಾವ ಬಸ್ಸಿಗೆ ಕಾಯುತ್ತಿದ್ದಾರೆ ಇವರು ಅನ್ನುವ ಹಾಗೆ ನೋಡಿ ಹೋದರು.

"ಸವತಿ ಅನ್ಬೇಕು ಅಂದ್ರೆ," ಅಂತ ಅವನು ಗಂಟಲು ಸರಿಮಾಡಿಕೊಂಡ, "ಮೊದಲು ನೀವು ನನಗೆ... ಅಂದ್ರೆ ಲೆಕ್ಕ ಪ್ರಕಾರ ಕೇಳ್ತಿದೀನಿ, ತಪ್ಪು ತಿಳೀಬೇಡಿ..."

"ಲೆಕ್ಕ ಸರಿಯಾಗೇ ಇದೆ," ಅಂದಳು ಅಳಿಲು, ತನ್ನ ಶೂ ನೋಡುತ್ತ.

ಎದುರಿನ ಅಂಗಡಿಯವನು ಶಟರು ಅರ್ಧ ಎತ್ತಿ ಒಳಗೆ ಹೋದ.

"ಕಣ್ಣು ನೋಡೋದು ನನ್ನ ಕಸುಬು," ಅಂದ ಕೊನೆಗೆ. "ಯಾರಾದ್ರೂ ನನ್ನನ್ನ ಜಾಸ್ತಿ ಹೊತ್ತು ನೋಡಿದ್ರೆ, ಪಾಪ ಸರಿಯಾಗಿ ಕಾಣ್ತಿಲ್ಲ ಅಂತಲೇ ಅಂದ್ಕೊಳ್ತೀನಿ. ನಿಮ್ಮ ವಿಷಯದಲ್ಲೂ ಹಾಗೇ ಅಂದ್ಕೊಂಡೆ."

"ನನಗೆ ಚೆನ್ನಾಗಿ ಕಾಣುತ್ತೆ."

"ಈಗ ಗೊತ್ತಾಯ್ತು."

ಅವಳು ಈಗ ಅವನ ಕಡೆ ತಿರುಗಿದಳು. ವೈರು ಬೆಸೆದ ತವರದ ವಾಸನೆ ಮೆತ್ತಿದ ಕೈಗಳನ್ನು ಮಡಿಲಲ್ಲಿ ಜೋಡಿಸಿಕೊಂಡಳು. ಮಾನ ಆಗಲೇ ಬೀದಿಪಾಲಾಗಿತ್ತು, ಇನ್ನು ಉಳಿಸಿಕೊಳ್ಳುವುದಕ್ಕೆ ಏನಿದೆ?

"ಕಾರಿನ ಕೆಲಸ ಮುಗೀತು ರೀ. ನಾಳೆಯಿಂದ ನಿಮಗೆ ಇಲ್ಲಿಗೆ ಬರೋಕೆ ಯಾವ ನೆಪಾನೂ ಇಲ್ಲ. ಟಾರ್ಚ್ ಹಿಡಿಯೋದೂ ಬೇಕಿಲ್ಲ. ನನಗೆ ನೀವು ಬೇಕು. ನೆಪ ಇಲ್ದೇ ಬರ್ತೀರಾ? ನಾಳೆ, ನಾಳಿದ್ದು, ಆಮೇಲೂ?"

ಅವನು ಬಾಯಿ ತೆರೆದ. ಸರಿಯಾಗಿ ಆ ಗಳಿಗೆಗೆ ಬದನೆಕಾಯಿ ಬಂದು ಅವರೆದುರು ನಿಂತಿತು. ಚಾವಣಿ ಮಡಚಿತ್ತು. ಮಾವನ ಬಾಚಿದ ಕೂದಲೆಲ್ಲ ಎದ್ದು ನಿಂತಿತ್ತು. ಮುಖದಲ್ಲಿ ಹಲ್ಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ಆ ಯಂತ್ರದ ಹೆಂಗಸು ಎಡಕ್ಕೆ ಅಂದ್ಲು," ಅಂತ ದೊಡ್ಡಮ್ಮ ಹಾಡಿನ ಮೇಲೆ ಕೂಗಿದರು. "ನಾನು ಬಲಕ್ಕೆ ಅಂದೆ. ನಿಮ್ಮ ಮಾವ ಇಬ್ಬರಿಗೂ ಬೇಜಾರು ಮಾಡೋದು ಬೇಡ ಅಂತ ನೇರ ಹೋದ್ರು! ಏನೋ, ಕೇಳಿದ್ಯಾ ಅವಳನ್ನ?"

"ಅವರೇ ಕೇಳಿದ್ರು ದೊಡ್ಡಮ್ಮಾ."

"ನೀನೇನಂದೆ?"

"ಅನ್ನೋಷ್ಟರಲ್ಲಿ ನೀವು ಬಂದ್ರಿ."

ದೊಡ್ಡಮ್ಮ ಮಾವನನ್ನು ನೋಡಿದರು. ಮಾವ ದೊಡ್ಡಮ್ಮನನ್ನು ನೋಡಿದರು.

"ನಡೀರಿ, ಇನ್ನೊಂದು ಸುತ್ತು," ಅಂದರು ದೊಡ್ಡಮ್ಮ. ಗಾಡಿ ಗುರುಗುಟ್ಟಿತು, ಯುಗಳಗೀತೆಯನ್ನು ಬಾಲದ ಹಾಗೆ ಎಳೆದುಕೊಂಡು ತಿರುವಿನಲ್ಲಿ ಮರೆಯಾಯಿತು.

ಬೀದಿ ಮತ್ತೆ ಸದ್ದಿಲ್ಲದಾಯಿತು. ಅವನು ಎದ್ದು, ನಡುವಿದ್ದ ಜಾಗಕ್ಕೆ ಬಂದು ಕೂತ. ಅವಳ ಕೈ ತೆಗೆದುಕೊಂಡ. ದೊಡ್ಡ ಮಾತುಗಳನ್ನೆಲ್ಲ ಹುಡುಕಿದ ಅಂತ ಕಾಣುತ್ತದೆ, ತುಟಿ ಎರಡು ಸಲ ಅಲ್ಲಾಡಿತು, ಯಾವುದೂ ಸಿಗಲಿಲ್ಲ.

ಸಿಗದಿದ್ದರೆ ಏನಂತೆ? ಅಜ್ಜಿ ಕಥೆ ಹೇಳುವಾಗ ಕೇಳುವವರು ದೊಡ್ಡ ಮಾತಾಡಬೇಕಿಲ್ಲ. ಕತ್ತಲಲ್ಲಿ ಪಕ್ಕದಲ್ಲೇ ಇದ್ದೀನಿ, ನಿದ್ದೆ ಬಂದಿಲ್ಲ, ಮುಂದೆ ಹೇಳು ಅಂತ ತಿಳಿಸುವುದಕ್ಕೆ ಒಂದೇ ಒಂದು ಅಕ್ಷರ ಸಾಕು. ಅದು ಬಂದರೆ ಕಥೆ ಮುಂದಕ್ಕೆ ಹೋಗುತ್ತದೆ.

ಅವನು ಅವಳ ಕಣ್ಣುಗಳನ್ನೇ ನೋಡುತ್ತ ಹೇಳಿದ:

"ಹೂಂ."